ಹೋಗೋಕೊಂದು, ಬರೋಕೊಂದು

ನಮ್ಮ ಓಝಾರ್ಕ್ ಕೆರೆಯಲ್ಲಿ ಯಾರೂ ಬೀದಿಯ ಹೆಸರು ಕೇಳುವುದಿಲ್ಲ. ಅಣೆಕಟ್ಟಿನಿಂದ ಎಷ್ಟನೇ ಮೈಲಿ ಎಂದರೆ ಮುಗಿಯಿತು. ಹದಿನಾಲ್ಕನೇ ಮೈಲಿಯಲ್ಲಿ, ದೋಣಿ ಕಟ್ಟುವ ಒಂದೇ ಡಾಕಿನ ಆ ಬದಿ ವರ್ಲಿನ್ ಸ್ಟಕಿಯದು, ಈ ಬದಿ ನನ್ನದು. ಇಪ್ಪತ್ತೆರಡು ವರ್ಷದ ನೆರೆ. ವರ್ಲಿನ್ ಶಾಲಾ ಬಸ್ಸುಗಳ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು, ಮಾತು ಕಡಿಮೆ. ನಾನು ವಿಮೆ ಮಾರುತ್ತಿದ್ದವನು. ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ.

ಹೋದ ಏಪ್ರಿಲ್‌ನಲ್ಲಿ ಅವನು ಡಾಕಿನ ನನ್ನ ಬದಿಗೆ ಬಂದು ನಿಂತ. ಹಾಗೆ ಬರುವುದೇ ಅಪರೂಪ.

"ಡಾಯ್ಲ್, ಎರಡು ಎಂಜಿನ್ನಿನ ದೋಣಿ ತಗೋಬೇಕು. ಹದಿನೆಂಟು ಸಾವಿರ ಡಾಲರೊಳಗೆ."

ನನಗೆ ರೋಮಾಂಚನವಾಯಿತು. ಎರಡು ಎಂಜಿನ್ನಿನ ದೋಣಿಯನ್ನು ನಾನು ಬರೀ ಎರಡು ಬೇಸಿಗೆ ಇಟ್ಟುಕೊಂಡಿದ್ದೆ. ಆ ಅನುಭವದ ಬಂಡವಾಳದ ಮೇಲೆ ಹದಿನೈದು ವರ್ಷದಿಂದ ಇಡೀ ದಡಕ್ಕೆ ಉಪದೇಶ ಮಾಡುತ್ತಿದ್ದೇನೆ.

"ಎಷ್ಟು ಓಡಬೇಕಪ್ಪ? ಗಂಟೆಗೆ ಎಪ್ಪತ್ತು ಮೈಲಿ? ಎಂಬತ್ತು?"

"ವಾಪಸ್ ಬರಬೇಕು," ಎಂದ ವರ್ಲಿನ್.

"ಅಲ್ಲ ಮಾರಾಯ, ಅದಕ್ಕೆ ಎರಡು ಎಂಜಿನ್ ಯಾಕೆ?"

"ಹೋಗೋಕೊಂದು, ಬರೋಕೊಂದು."

ಆಗ ನನಗೆ ಅರ್ಥವಾಯಿತು. ಮೂರು ವರ್ಷದ ಹಿಂದೆ, ಮೇ ತಿಂಗಳ ಕೊನೆಯ ಶನಿವಾರ, ವರ್ಲಿನ್ ದಂಪತಿಯ ಹಳೆಯ ಒಂಟಿ ಎಂಜಿನ್ನಿನ ದೋಣಿ ಕೆರೆಯ ನಡುಮಧ್ಯೆ ನಿಂತುಹೋಗಿತ್ತು. ಶನಿವಾರದ ನಮ್ಮ ಕೆರೆ ಎಂದರೆ ಬಟ್ಟೆ ಒಗೆಯುವ ಯಂತ್ರದ ಹೊಟ್ಟೆ. ಎರಡಂತಸ್ತಿನ ದೋಣಿಗಳು ಮನೆಯಷ್ಟೆತ್ತರದ ಅಲೆಗಳನ್ನು ಎಬ್ಬಿಸಿಕೊಂಡು ಹೋಗುತ್ತಿರುತ್ತವೆ. ವರ್ಲಿನ್‌ನ ಹೆಂಡತಿ ಓಲೀಟಾ ಒಂದೂವರೆ ಗಂಟೆ ದೋಣಿಯ ತಳದಲ್ಲಿ ಕೂತು, ಐಸ್ ಪೆಟ್ಟಿಗೆಯ ಹಿಡಿಯನ್ನು ಹಿಡಿದುಕೊಂಡಿದ್ದಳು. ಯಾರಿಗೂ ಪೆಟ್ಟಾಗಲಿಲ್ಲ. ದಡಕ್ಕೆ ಎಳೆದು ತಂದ ಮೇಲೆ ಅವಳ ಬೆರಳುಗಳನ್ನು ವರ್ಲಿನ್ ಒಂದೊಂದಾಗಿ ಬಿಡಿಸಬೇಕಾಯಿತು.

ಅಂದಿನಿಂದ ಅವಳು ಮನೆಯಿಂದ ಡಾಕಿಗೆ ಇಳಿಯುವ ನಲವತ್ತೊಂದು ಮೆಟ್ಟಿಲು ಇಳಿದಿಲ್ಲ. ಅದಕ್ಕೆ ಮೊದಲು ಮೂವತ್ತು ಬೇಸಿಗೆ, ಮಳೆಯಿಲ್ಲದ ಪ್ರತಿ ಸಂಜೆ, ಇಬ್ಬರೂ ಹತ್ತೊಂಬತ್ತನೇ ಮೈಲಿಯ ಬಿಳಿ ಬಂಡೆಯವರೆಗೆ ಹೋಗುತ್ತಿದ್ದರು. ಅಲ್ಲಿ ಎಂಜಿನ್ ಆರಿಸಿ, ಕರಿದ ಹಂದಿಮಾಂಸದ ಒಂದು ಸ್ಯಾಂಡ್‌ವಿಚ್ ಹಂಚಿಕೊಂಡು ತಿಂದು ಬರುತ್ತಿದ್ದರು. ಆ ದೋಣಿಯನ್ನು ವರ್ಲಿನ್ ಮರುವಾರವೇ ಮಾರಿಬಿಟ್ಟ.

ಅಲೆ ಸೀಳುವ ಚೂಪು ತಳ, ಎರಡು ಎಂಜಿನ್, ಬೆಲೆ ಹದಿನೆಂಟು ಸಾವಿರ. ಈ ಮೂರೂ ಒಟ್ಟಿಗೆ ಸಿಗುವುದು ಒಂದೇ ಜಾತಿಯಲ್ಲಿ: ಮೂವತ್ತು ವರ್ಷ ಹಳೆಯದಾದ, ಪಂದ್ಯದ ಕನಸು ಕಂಡು ಮುಪ್ಪಾದ ವೇಗದ ದೋಣಿಗಳಲ್ಲಿ. ನಾನು ಹದಿನಾರು ಅಂಶಗಳ ಪಟ್ಟಿ ಬರೆದುಕೊಟ್ಟೆ. ವರ್ಲಿನ್ ಅದನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡ. ಮತ್ತೆ ಅದು ಹೊರಗೆ ಬಂದದ್ದು ಎಂಜಿನ್ನಿನ ಎಣ್ಣೆ ಅಳೆಯುವ ಕಡ್ಡಿ ಒರೆಸುವುದಕ್ಕೆ.

ಮೊದಲು ನೋಡಿದ್ದು ಏಳನೇ ಮೈಲಿಯ ಕೆಂಪು ದೋಣಿ. ಎರಡು ಎಂಜಿನ್ನೂ ಕನ್ನಡಿಯಂತೆ ಹೊಳೆಯುತ್ತಿದ್ದವು. ನಾನು ಮನಸ್ಸಿನಲ್ಲೇ ಕೈಕುಲುಕಿ ವ್ಯಾಪಾರ ಮುಗಿಸಿದ್ದೆ. ವರ್ಲಿನ್ ಬಗ್ಗಿ ಪೆಟ್ರೋಲ್ ಕೊಳವೆಯ ಮೇಲೆ ಬೆರಳಿಟ್ಟು ಅದು ಹೋದಲ್ಲಿಗೆಲ್ಲ ಹೋದ.

"ಎರಡೂ ಒಂದೇ ಟ್ಯಾಂಕಲ್ಲಿ ಕುಡೀತವೆ," ಎಂದ. "ನೀರು ಸೇರಿದ್ರೆ ಎರಡೂ ಒಟ್ಟಿಗೆ ಸಾಯ್ತವೆ. ಬಾ, ಹೋಗೋಣ."

ಎರಡನೆಯದರಲ್ಲಿ ಎರಡು ಎಂಜಿನ್ನಿಗೂ ಒಂದೇ ಬ್ಯಾಟರಿ. ಅದರ ಒಡೆಯ ಮಾತು ಮುಗಿಸುವ ಮುಂಚೆಯೇ ನಾವು ವಾಪಸ್ ಕಾರಿನಲ್ಲಿದ್ದೆವು.

ಮೂರನೆಯದು ಕ್ಯಾಪ್ಟನ್ ಬ್ರಿಸ್ಕೋದು. ಬ್ರಿಸ್ಕೋ ಜೀವಮಾನದಲ್ಲಿ ನಡೆಸಿದ ದೊಡ್ಡ ಹಡಗೆಂದರೆ ಹಳೆ ಕಾರು ಮಾರುವ ಮಳಿಗೆ. ಆದರೂ ಬಂಗಾರದ ಅಂಚಿನ ಬಿಳಿ ಟೋಪಿ ಹಾಕುತ್ತಿದ್ದ. ಅಕ್ಕಪಕ್ಕದವರು ಸೋತು ಕ್ಯಾಪ್ಟನ್ ಎಂದೇ ಕರೆಯತೊಡಗಿದ್ದರು. ದೋಣಿಯ ಉದ್ದ ಇಪ್ಪತ್ತೆಂಟು ಅಡಿ. ಬದಿಯಲ್ಲಿ ನೇರಳೆ ಹಸಿರು ಮಿಂಚುಗಳು. ಟ್ಯಾಂಕ್ ಎರಡು, ಬ್ಯಾಟರಿ ಎರಡು. ವರ್ಲಿನ್ ಮೊದಲ ಬಾರಿಗೆ ಹುಬ್ಬೆತ್ತಿದ.

"ಇಪ್ಪತ್ತೊಂದು ಸಾವಿರ, ಒಂದು ಸೆಂಟೂ ಕಮ್ಮಿ ಇಲ್ಲ," ಎಂದ ಬ್ರಿಸ್ಕೋ. "ಯಜಮಾನ್ರೆ, ಟೋಪಿ ಗಟ್ಟಿಯಾಗಿ ಹಿಡ್ಕೊಳ್ಳಿ!"

ಹಿಡಿದುಕೊಳ್ಳುವ ಮುಂಚೆಯೇ ನನ್ನದು ಹಾರಿಹೋಯಿತು. ಎಪ್ಪತ್ತೆರಡು ಮೈಲಿ ವೇಗ. ವರ್ಲಿನ್ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ, ಅಂಗೈ ಊರಿ, ಅಲೆಯ ಏಟು ಸೀಟಿಗೆ ಎಷ್ಟು ಬರುತ್ತದೆಂದು ನೋಡುತ್ತಿದ್ದ. ಹತ್ತು ಮೈಲಿ ಹೋದ ಮೇಲೆ ಬ್ರಿಸ್ಕೋನ ಭುಜ ತಟ್ಟಿದ.

"ಒಂದು ಎಂಜಿನ್ ಆರಿಸಿ."

"ಯಾಕೆ? ಏನಾಯ್ತು?"

"ಏನೂ ಆಗಿಲ್ಲ. ಮನೆಗೆ ಹೋಗೋಣ."

ಎರಡು ಎಂಜಿನ್ನಿನ ದೋಣಿಯನ್ನು ಒಂದರಲ್ಲಿ ನಡೆಸಿದರೆ ಅದು ಏಡಿಯಂತೆ ಓರೆಯಾಗಿ ಹೋಗುತ್ತದೆ. ವರ್ಲಿನ್ ಚುಕ್ಕಾಣಿ ತಾನು ಹಿಡಿದ, ಸತ್ತ ಎಂಜಿನ್ನಿನ ಪ್ರೊಪೆಲರ್ ಇರುವ ಕಾಲನ್ನು ನೀರಿನಿಂದ ಮೇಲೆತ್ತಿದ, ದೋಣಿ ನೆಟ್ಟಗಾಯಿತು. ವೇಗ ಎಂಟು ಮೈಲಿ. ಒಬ್ಬಳು ಅಜ್ಜಿ ತನ್ನ ಚಪ್ಪಟೆ ದೋಣಿಯಲ್ಲಿ ನಾಯಿಯ ಜತೆ ನಮ್ಮನ್ನು ಹಿಂದಿಕ್ಕಿದಳು. ನಾಯಿ ತಿರುಗಿ ನೋಡಿತು.

"ಯಾರಾದ್ರೂ ಗುರ್ತಿನವರು ನೋಡಿದ್ರೆ ಏನಂದ್ಕೋತಾರೆ ಸ್ವಾಮಿ!" ಎನ್ನುತ್ತಾ ಬ್ರಿಸ್ಕೋ ಬಿಳಿ ಟೋಪಿ ತೆಗೆದು ಸೀಟಿನ ಕೆಳಗಿಟ್ಟ.

ಅರ್ಧ ದಾರಿಯಲ್ಲಿ ವರ್ಲಿನ್, "ಈಗ ಇದನ್ನ ಆರಿಸಿ ಅದನ್ನ ಹಾಕ್ತೀನಿ," ಎಂದ. "ಯಾವುದು ಯಾವಾಗ ಕೈಕೊಡುತ್ತೆ ಅಂತ ಯಾರಿಗೆ ಗೊತ್ತು?"

ಎದುರಿಗೆ ಬ್ರಿಸ್ಕೋನ ಗೆಳೆಯರು ಕೂರುವ ಹೋಟೆಲಿನ ಡಾಕು ಕಾಣಿಸಿತು.

"ಹತ್ತೊಂಬತ್ತು ಸಾವಿರ," ಎಂದ ಬ್ರಿಸ್ಕೋ. "ಎರಡೂ ಎಂಜಿನ್ ಹಾಕ್ತೀರಾ?"

ವರ್ಲಿನ್ ಅದೇ ಎಂಟು ಮೈಲಿಯಲ್ಲಿ ಮುಂದುವರಿದ. ಹೋಟೆಲಿನಲ್ಲಿ ಯಾರೋ ಎದ್ದು ನಿಂತು ಕೈಬೀಸಿದರು.

"ಹದಿನೇಳೂವರೆ! ದೇವರಾಣೆ, ಹಾಕಿ!"

ಹೀಗೆ ದೋಣಿ ಬಂತು. ಬಂದು ಡಾಕಿನಲ್ಲಿ ದೋಣಿ ಎತ್ತಿಡುವ ಚೌಕಟ್ಟಿನ ಮೇಲೆ ಎರಡು ವಾರ ನೀರು ಮುಟ್ಟದೆ ಕೂತಿತು. ಓಲೀಟಾ ಇಳಿಯಲಿಲ್ಲ. ವರ್ಲಿನ್ ಕರೆಯಲೂ ಇಲ್ಲ. ದಿನಾ ಒಂದು ಬಟ್ಟೆ ಹಿಡಿದು ಅದನ್ನು ಒರೆಸುತ್ತಿದ್ದ, ಅಷ್ಟೆ. ನನ್ನಂಥ ವಾಗ್ಮಿ ನೆರೆಯಲ್ಲಿರುವಾಗ ಹೀಗಾಗಬಾರದೆಂದು ನಾನೇ ಮೆಟ್ಟಿಲು ಹತ್ತಿದೆ. ಅವಳು ಜಗಲಿಯಲ್ಲಿ ಜೋಳದ ಸಿಪ್ಪೆ ಸುಲಿಯುತ್ತಿದ್ದಳು. ನಾನು ಟ್ಯಾಂಕು, ಬ್ಯಾಟರಿ, ತಳದ ಕೋನ ಎಲ್ಲ ವಿವರಿಸಿದೆ. ಅವಳು ಏಳು ತೆನೆ ಸುಲಿದು ಮುಗಿಸಿದಳು.

"ಡಾಯ್ಲ್, ನೀನು ವಿಮೆ ಮಾರ್ತಿದ್ದಾಗ ನಾವು ನಿನ್ನ ಹತ್ರ ತಗೊಂಡ್ವಾ?"

"ಇಲ್ಲ."

"ಮತ್ತೆ?"

ನಾನು ಹೊರಡಲು ಎದ್ದೆ. ಅವಳು ತೆನೆಯಿಂದ ತಲೆಯೆತ್ತದೆ, "ಎರಡು ಎಂಜಿನ್ ಯಾಕಂತೆ? ಅವನು ಏನಂದ?" ಎಂದಳು.

"ಹೋಗೋಕೊಂದು, ಬರೋಕೊಂದು ಅಂದ."

"ಅಷ್ಟೇನಾ?"

"ವರ್ಲಿನ್ ಅಲ್ವಾ. ಅದೇ ಜಾಸ್ತಿ."

ಅವಳು ನಗಲಿಲ್ಲ. ಕೈಯಲ್ಲಿದ್ದ ತೆನೆಯ ಒಂದೊಂದೇ ನಾರು ತೆಗೆಯುತ್ತಾ ಕೂತಳು.

ಆ ಗುರುವಾರ ಸಂಜೆ, ಕೆರೆಯಲ್ಲಿ ಜನವಿಲ್ಲದ ಹೊತ್ತು, ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ವರ್ಲಿನ್ ಒರೆಸುತ್ತಿದ್ದ ಬಟ್ಟೆ ಕೈಯಲ್ಲೇ ನಿಂತಿತು. ಓಲೀಟಾ ಕಂಬಿ ಹಿಡಿದು, ಪ್ರತಿ ಮೆಟ್ಟಿಲಿಗೂ ಎರಡು ಕಾಲಿಟ್ಟು ಇಳಿದು ಬಂದಳು. ಬಗಲಲ್ಲಿ ಕಾಗದದ ಪೊಟ್ಟಣ.

"ಇದೇನು ಬಣ್ಣ!" ಎಂದಳು ದೋಣಿ ನೋಡಿ. "ಸರ್ಕಸ್ಸಿನವರು ಬಿಟ್ಟು ಹೋದ ಹಾಗಿದೆ."

"ಬಣ್ಣ ಬಳೀಬಹುದು ಕಣೇ," ಎಂದ ವರ್ಲಿನ್.

ಅವಳು ಡಾಕಿನ ನನ್ನ ಬದಿಗೆ ತಿರುಗಿದಳು. "ಡಾಯ್ಲ್, ನೀನೂ ಬಾ. ಮುಳುಗಿದ್ರೆ ಹೇಳೋಕೆ ಒಂದು ಬಾಯಿ ಬೇಕು."

ದೋಣಿಯೊಳಗೆ ಕಾಲಿಟ್ಟವಳು ಅಲ್ಲೇ ನಿಂತಳು. ಹಿಂದಿನ ಸೀಟಿನ ಪಕ್ಕದಲ್ಲಿ ಅದೇ ಹಳೆಯ ಐಸ್ ಪೆಟ್ಟಿಗೆ. ವರ್ಲಿನ್ ಅದನ್ನು ನಾಲ್ಕು ಬೋಲ್ಟ್ ಹಾಕಿ ನೆಲಕ್ಕೆ ಬಿಗಿದಿದ್ದ. ಹಿಡಿಗೆ ಹೊಸ ಚರ್ಮ ಸುತ್ತಿದ್ದ. ಇದು ನನ್ನ ಹದಿನಾರು ಅಂಶಗಳಲ್ಲಿ ಇರಲಿಲ್ಲ. ಅವಳು ಕೂತು ಹಿಡಿಯನ್ನು ಹಿಡಿದಳು.

ಕೆರೆಯ ನಡುವೆ ಬಂದಾಗ, "ಆರಿಸು ಒಂದನ್ನ," ಎಂದಳು.

ಆರಿಸಿದ. ದೋಣಿ ಒಮ್ಮೆ ತೂಗಾಡಿ ನಡೆಯತೊಡಗಿತು. ಅವಳ ಗೆಣ್ಣುಗಳು ಬಿಳಿಚಿಕೊಂಡಿದ್ದವು. ನಾನು ಏನೋ ವಿವರಿಸಲು ಬಾಯಿ ತೆರೆದೆ, ವರ್ಲಿನ್ ಒಂದು ನೋಟ ನೋಡಿದ, ಮುಚ್ಚಿದೆ. ಐದು ಮೈಲಿ ಹಾಗೆಯೇ, ಒಂದರಲ್ಲೇ ಹೋದೆವು. ಬಿಳಿ ಬಂಡೆಯ ಮೇಲೆ ಇನ್ನೂ ಬಿಸಿಲಿತ್ತು.

"ಅದನ್ನೂ ಆರಿಸು," ಎಂದಳು ಓಲೀಟಾ.

ವರ್ಲಿನ್ ತಿರುಗಿ ಅವಳ ಮುಖ ನೋಡಿದ. "ಬೇಡ ಕಣೇ. ಓಡ್ತಾ ಇರ್ಲಿ."

"ಮೂವತ್ತು ವರ್ಷ ಇಲ್ಲಿ ಆರಿಸಿಲ್ವಾ? ಆರಿಸು."

ಆರಿಸಿದ. ನೀರು ದೋಣಿಯ ಬದಿಗೆ ಬಡಿಯುವುದು ಕೇಳಿಸಿತು, ಬಂಡೆಯ ಬಿರುಕಿನಲ್ಲಿ ಹಕ್ಕಿಗಳ ಗಲಾಟೆ ಕೇಳಿಸಿತು. ಸ್ವಲ್ಪ ಹೊತ್ತಾದ ಮೇಲೆ ಅವಳು ಬಲಗೈಯನ್ನು ಪೆಟ್ಟಿಗೆಯ ಹಿಡಿಯಿಂದ ತೆಗೆದಳು, ಆಮೇಲೆ ಎಡಗೈಯನ್ನೂ. ಸ್ಯಾಂಡ್‌ವಿಚ್ ಮುರಿಯುವುದಕ್ಕೆ ಎರಡು ಕೈಯೂ ಬೇಕಲ್ಲ.

ಅರ್ಧ ಅವನಿಗೆ, ಅರ್ಧ ಅವಳಿಗೆ. ನನಗೆ ಯಾರೂ ಕೊಡಲಿಲ್ಲ. ನಾನೂ ಕೇಳಲಿಲ್ಲ.