ಕೂಸು ಮಲಗಿದಾಗ ಆರುವ ಕಂಪ್ಯೂಟರ್

ಕಂಪ್ಯೂಟರ್ ಮೊದಲ ಸಲ ಆರಿದಾಗ ತಲೆಯ ಮೇಲಿನ ಫ್ಯಾನು ತಿರುಗುತ್ತಲೇ ಇತ್ತು. ನಾನು ಹೆದರಿದ್ದು ಅದಕ್ಕೇ. ಕರೆಂಟು ಹೋದರೆ ಬೈಯಲು ಯಾರಾದರೂ ಇರುತ್ತಾರೆ. ಇಲ್ಲಿ ನಮ್ಮ ಇಡೀ ವಾಕಡ ಬಡಾವಣೆಗೆ ಕರೆಂಟಿತ್ತು, ನನ್ನ ಮೇಜಿನ ಕೆಳಗಿನ ಪೆಟ್ಟಿಗೆಗೆ ಮಾತ್ರ ಇರಲಿಲ್ಲ. ಪರದೆ ಕಪ್ಪಾಯಿತು, ಪೆಟ್ಟಿಗೆಯೊಳಗಿನ ಗಾಳಿಯ ಸದ್ದು ನಿಂತಿತು. ಪಕ್ಕದ ತೊಟ್ಟಿಲಲ್ಲಿ ಅಕ್ಕನ ಕೂಸು ಉಸಿರಾಡುವುದು ಆಗ ಸ್ಪಷ್ಟವಾಗಿ ಕೇಳಿಸಿತು.

ಆ ಕೋಣೆ ಕೂಸಿನದು ಮತ್ತು ನನ್ನದು. ಅಕ್ಕ ಹೆರಿಗೆ ರಜೆ ಮುಗಿಸಿ ಹಿಂಜವಾಡಿಯ ಆಫೀಸಿಗೆ ಮರಳಿದ್ದಳು. ಅವಳ ಗಂಡ, ನಮ್ಮ ಮಾಮಾ, ಚಿಂಚವಾಡದ ಕಾರ್ಖಾನೆಯಲ್ಲಿ ಪಾಳಿ ಮಾಡುತ್ತಿದ್ದರು. ನನಗೆ ಮನೆಯಿಂದಲೇ ಕೆಲಸ, ಹಾಗಾಗಿ ಹಗಲು ಕೂಸು ನನ್ನ ಪಾಲಿಗೆ. ಉಕ್ಕಿನ ಸ್ಟ್ಯಾಂಡಿಗೆ ತೂಗುಬಿಟ್ಟ ಬಟ್ಟೆಯ ತೊಟ್ಟಿಲು; ಅದಕ್ಕೊಂದು ಹಗ್ಗ; ಹಗ್ಗದ ತುದಿ ನನ್ನ ಕಾಲಿನ ಹೆಬ್ಬೆರಳಿಗೆ. ಕೈ ಕೀಲಿಮಣೆಯ ಮೇಲಿರುತ್ತಿತ್ತು, ಕಾಲು ತೂಗುತ್ತಿತ್ತು. ವಿಜಯಪುರದ ಕಡೆ ಹೆಂಗಸರು ರೊಟ್ಟಿ ಬಡಿಯುತ್ತಲೇ ಹೀಗೆ ಹಗ್ಗ ಎಳೆಯುವುದನ್ನು ನೋಡಿ ಬೆಳೆದವಳು ನಾನು.

ಬಿಡಿಭಾಗ ತಂದು ಕಂಪ್ಯೂಟರನ್ನು ಜೋಡಿಸಿದವಳೂ ನಾನೇ. "ಮನ್ಯಾಗ ಸಣ್ಣ ಕೂಸದ, ರೆಡಿ ಇದ್ದದ್ದು ತಗೋಬಾರದೇನು?" ಎಂದು ಅಕ್ಕ ಕೇಳಿದಾಗ, ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತ ಪಟ್ಟುಗಳನ್ನೆಲ್ಲ ಹಾಕಿ ಅವಳ ಬಾಯಿ ಮುಚ್ಚಿಸಿದ್ದೆ. "ಆತವ್ವಾ ವಕೀಲಬಾಯಿ, ನೀ ಗೆದ್ದಿ" ಎಂದಿದ್ದಳು. ಗೆದ್ದವಳ ಪೆಟ್ಟಿಗೆ ಈಗ ಕಾರಣವಿಲ್ಲದೆ ಆರುತ್ತಿತ್ತು, ಕೂಸು ಅದರ ಪಕ್ಕದಲ್ಲೇ ಮಲಗುತ್ತಿತ್ತು. ಒಳಗೇನೋ ಸುಡುತ್ತಿದ್ದರೆ?

ಎರಡನೆಯ ಸಲ ಆರಿದಾಗ ಪೆಟ್ಟಿಗೆಯ ಹಿಂಬದಿಗೆ ಮೂಗು ಹಚ್ಚಿ ಮೂಸಿದೆ. ಸುಟ್ಟ ವಾಸನೆ ಇರಲಿಲ್ಲ. ವಾಸನೆಯಿಲ್ಲ ಎಂಬುದು ಅಪಾಯವಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ ಎಂದು ನನ್ನದೇ ತಲೆ ಎದುರುವಾದ ಹೂಡಿತು. ಪಿಂಪ್ರಿಯಲ್ಲಿರುವ ಹಳೆಯ ಚರ್ಚಾ ತಂಡದ ಗೆಳೆಯನಿಗೆ ಫೋನ್ ಮಾಡಿದೆ.

"ರ‍್ಯಾಮ್ ಸಡಿಲ ಆಗೇದ, ತೆಗದು ಒರೆಸಿ ಹಾಕು," ಎಂದ ಅವನು.

"ರ‍್ಯಾಮ್ ಕೆಟ್ರ ಪರದೆ ನೀಲಿ ಆಗ್ತದ, ಇಲ್ಲಾ ಸ್ತಬ್ಧ ಆಗ್ತದ. ಇದು ಪೂರಾ ಆರ್ತದ. ಪವರ್ ಕೊಡೋ ಡಬ್ಬೀನ ಕೆಟ್ಟದ."

"ಅದು ನಿನ್ನ ಊಹೆ."

"ನಿಂದೇನ್ ವೇದವಾಕ್ಯ ಏನು?"

ಅರ್ಧ ತಾಸು ವಾದಿಸಿ ಗೆದ್ದೆ. ಸೋತವನು ತನ್ನಲ್ಲಿ ಬಿಡುವಾಗಿದ್ದ ಪವರ್ ಸಪ್ಲೈ ಡಬ್ಬಿ ತಂದುಕೊಟ್ಟ. ಹಳೆಯದನ್ನು ಬಿಚ್ಚಿ ಅದನ್ನು ಕೂರಿಸಿದೆ. ಗೋಡೆಯಿಂದ ಬರುವ ವೈರು ಮಾತ್ರ ಹಳೆಯದೇ. ಕೂಸು ಎಳೆಯದಿರಲೆಂದು ಅದನ್ನು ಜಮಖಾನೆಯ ಅಡಿಯಲ್ಲಿ ಹಾಯಿಸಿದ್ದೆವು. ಅದನ್ನೆಲ್ಲ ಯಾರು ಎತ್ತುತ್ತಾರೆ ಎಂದು ಬಿಟ್ಟೆ. ಕಂಪ್ಯೂಟರ್ ಕೆಲವು ದಿನ ಚೆನ್ನಾಗಿ ನಡೆಯಿತು. ಆಮೇಲೆ ಒಂದು ಮಧ್ಯಾಹ್ನ, ಕೂಸು ಚಡಪಡಿಸಿದಾಗ ಜೋರಾಗಿ ತೂಗುತ್ತಿದ್ದೆ, ಮತ್ತೆ ಆರಿತು. ಕೂಸನ್ನು ಎತ್ತಿಕೊಂಡು ಅಡುಗೆಮನೆಗೆ ಓಡಿದೆ. ಅಕ್ಕ ಬರುವವರೆಗೂ ಒಲೆಯ ಕಟ್ಟೆಗೆ ಒರಗಿಕೊಂಡು ನಿಂತೇ ಇದ್ದೆ.

ಶನಿವಾರ ಅಕ್ಕ ಮನೆಯಲ್ಲಿದ್ದಳು. ಬೆಳಗಿನಿಂದ ಕೂಸು ಅವಳ ಮಡಿಲಲ್ಲಿ; ಕಂಪ್ಯೂಟರ್ ಒಮ್ಮೆಯೂ ಆರಲಿಲ್ಲ. ಊಟದ ಹೊತ್ತಿಗೆ ತೊಟ್ಟಿಲಿಗೆ ಹಾಕಿ ತೂಗಿದಳು. ಆರಿತು.

"ನೋಡ್ದಿ?" ಅಕ್ಕನ ದನಿ ಬದಲಾಗಿತ್ತು. "ಕೂಸು ತೊಟ್ಟಿಲದಾಗ ಇದ್ದಾಗಷ್ಟ ಬಂದ್ ಆಗ್ತದ."

ಊರಿಂದ ಫೋನ್ ಮಾಡಿ ಸ್ಪೀಕರಿನಲ್ಲಿ ಮಾತಾಡುತ್ತಿದ್ದ ಅವ್ವನಿಗೆ ಇಷ್ಟೇ ಸಾಕಾಯಿತು. "ದೃಷ್ಟಿ ಆಗೇದ ನನ್ನ ಕೂಸಿಗೆ! ಉಪ್ಪು ಮೆಣಸಿನಕಾಯಿ ಇಳಿಸಿ ಒಗೀರಿ ಮೊದ್ಲ."

"ಅವ್ವಾ, ದೃಷ್ಟಿ ಆದ್ರ ಕೂಸು ಅಳಬೇಕು, ಕಂಪ್ಯೂಟರ್ ಯಾಕ ಸಾಯ್ತದ?"

"ನಿನ್ನ ಬಾಯಿಗೆ ಉತ್ತರ ಕೊಡೋರು ಯಾರೂ ಹುಟ್ಟಿಲ್ಲ ಬಿಡು."

ಅವ್ವನಿಗೆ ಉತ್ತರ ಕೊಟ್ಟಿದ್ದೆ, ಆದರೆ ಅಕ್ಕ ಹೇಳಿದ್ದು ನಿಜ. ನೆನಪಿದ್ದ ಪ್ರತಿ ಸಲವೂ ಕೂಸು ತೊಟ್ಟಿಲಲ್ಲೇ ಇತ್ತು. ಇನ್ನುಳಿದದ್ದು ಒಂದೇ ಪರೀಕ್ಷೆ: ಕೂಸನ್ನು ಹೊರಗಿಟ್ಟು ತೊಟ್ಟಿಲನ್ನು ತೂಗಿ ನೋಡುವುದು. ಕೂಸನ್ನು ಮಂಚದ ಮೇಲೆ ಮಲಗಿಸಿ ಹಗ್ಗ ಹಿಡಿದೆ.

"ಏ! ಖಾಲಿ ತೊಟ್ಟಿಲಾ ತೂಗಬ್ಯಾಡ!" ಅಕ್ಕ ಕೂಗಿದಳು.

ಖಾಲಿ ತೊಟ್ಟಿಲು ತೂಗಿದರೆ ಕೂಸಿಗೆ ಕೇಡು ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅದರ ವಿರುದ್ಧ ಮಾತಾಡಲು ನನಗೆ ಐದು ನಿಮಿಷವೂ ಬೇಡ. ಆದರೆ ಹಗ್ಗ ಹಿಡಿದ ಕೈ ಎಳೆಯಲಿಲ್ಲ. ನಂಬದವಳ ಕೈ ಯಾಕೆ ನಿಂತಿತು ಎಂದು ಈಗಲೂ ನನ್ನಲ್ಲಿ ಸಮಾಧಾನದ ಉತ್ತರವಿಲ್ಲ. ಆ ಕೋಣೆಯಲ್ಲಿ ಆಗ ಅಪಾಯವೊಂದಿತ್ತು, ಅದಕ್ಕೆ ಹೆಸರಿರಲಿಲ್ಲ, ಅದರೊಡನೆ ಪಂಥ ಕಟ್ಟುವ ಧೈರ್ಯ ನನಗಿರಲಿಲ್ಲ.

ಅಕ್ಕ ಅಡುಗೆಮನೆಗೆ ಹೋಗಿ ಜೋಳದ ಹಿಟ್ಟಿನ ಚೀಲ ಹೊತ್ತು ತಂದಳು. "ಇದನ್ನ ಮಲಗಿಸು. ಖಾಲಿ ಆಗೂದಿಲ್ಲ. ನಿನ್ನ ಪರೀಕ್ಷಾನೂ ಆಗ್ತದ."

ಚೀಲ ಹೆಚ್ಚುಕಡಿಮೆ ಕೂಸಿನಷ್ಟೇ ತೂಕವಿತ್ತು. ಅದನ್ನು ಮಲಗಿಸಿ, ಕಂಪ್ಯೂಟರ್ ಹಚ್ಚಿ, ಹಗ್ಗ ಎಳೆದೆ. ಏನೂ ಆಗಲಿಲ್ಲ. ಜೋರಾಗಿ ಎಳೆದೆ. ಸ್ಟ್ಯಾಂಡು ಮೇಜಿನ ಕಡೆ ವಾಲಿ ಒಂದು ಕಾಲಿನ ಮೇಲೆ ಭಾರ ಬಿಟ್ಟಿತು. ಪರದೆ ಕಪ್ಪಾಯಿತು.

ಅಕ್ಕನೂ ನಾನೂ ಒಟ್ಟಿಗೇ ಆ ಕಾಲನ್ನು ನೋಡಿದೆವು.

ಗೋಡೆಯ ಸ್ವಿಚ್ ಆರಿಸಿ, ಪಿನ್ನು ಕಿತ್ತು, ಜಮಖಾನೆ ಎತ್ತಿದೆ. ಈಚೆಗೆ ಗಾಳಿ ಬರಲೆಂದು ಮಾಮಾ ತೊಟ್ಟಿಲನ್ನು ಕಿಟಕಿಯ ಕಡೆ ಸರಿಸಿದಾಗ ಆ ಕಾಲು ಸರಿಯಾಗಿ ವೈರಿನ ಮೇಲೆ ಕೂತಿತ್ತು. ಕಾಲಿನ ರಬ್ಬರ್ ಟೊಪ್ಪಿಗೆ ಸವೆದು, ಕೊಳವೆಯ ಅಂಚು ಹೊರಬಂದಿತ್ತು. ಪ್ರತಿ ಸಲ ತೂಗಿದಾಗಲೂ ಅದು ಜಮಖಾನೆಯನ್ನೂ ವೈರಿನ ಕಪ್ಪು ಹೊದಿಕೆಯನ್ನೂ ಕೊರೆದಿತ್ತು. ಒಳಗಿನ ತಾಮ್ರದ ಎಳೆಗಳು ತುಂಡಾಗಿ, ಭಾರ ಬಿದ್ದಾಗ ಬಿಡುತ್ತಿದ್ದವು, ಭಾರ ಇಳಿದಾಗ ಕೂಡುತ್ತಿದ್ದವು. ಕರೆಂಟು ಹರಿಯುವ ಆ ತಾಮ್ರಕ್ಕೂ ಉಕ್ಕಿನ ಅಂಚಿಗೂ ನಡುವೆ ಉಳ್ಳಾಗಡ್ಡಿಯ ಸಿಪ್ಪೆಯಷ್ಟು ತೆಳುವಾದ ಕೆಂಪು ಪ್ಲಾಸ್ಟಿಕ್ಕು ಮಾತ್ರ ಉಳಿದಿತ್ತು.

ಕೂಸು ಎದ್ದ ಕೂಡಲೇ ಹಿಡಿಯುವುದು ಆ ಸ್ಟ್ಯಾಂಡಿನ ಸರಳನ್ನು. ಹಿಡಿದು ಬಾಯಿ ಹಚ್ಚುತ್ತದೆ.

ಅಕ್ಕ ಕೂಸನ್ನು ಎದೆಗವಚಿಕೊಂಡು ಮಂಚದ ಮೇಲೆ ಕುಳಿತಳು. ಇಷ್ಟು ದಿನ ಬೆಂಕಿಯನ್ನು ಪೆಟ್ಟಿಗೆಯೊಳಗೆ ಹುಡುಕಿದ್ದೆ.

"ಸೋಮವಾರ ನಾ ಆಫೀಸಿಗೆ ಹೋಗ್ಲೋ ಬ್ಯಾಡೋ?" ಎಂದು ಅಕ್ಕ ಕೇಳಿದಳು.

ಹೊಸ ವೈರು ತರುತ್ತೇನೆ, ಗೋಡೆಗೆ ಹೊಂದಿಸಿ ಮೊಳೆ ಹೊಡೆಯುತ್ತೇನೆ, ಇನ್ನು ಅಪಾಯವಿಲ್ಲ. ಎಲ್ಲ ಅಂಶಗಳೂ ನಾಲಗೆಯ ತುದಿಯಲ್ಲಿದ್ದವು.

"ನಂಗ ಭಾಳ ಅಂಜಿಕಿ ಬಂದದ ಅಕ್ಕಾ," ಎಂದೆ. "ನಂಗ ಗೊತ್ತಿಲ್ಲದ್ದು ಈ ಮನ್ಯಾಗ ಇನ್ನೂ ಏನೇನದನೋ."

ಅವಳು ನನ್ನ ಮುಖ ನೋಡಿದಳು. ವಕೀಲಬಾಯಿ ಎನ್ನಲಿಲ್ಲ. "ಹಂಗಾದ್ರ ಹೋಗ್ತೀನಿ. ಅಂಜಿದಾಕಿ ಕಣ್ಣು ತಗಿಯೂದಿಲ್ಲ," ಎಂದಳು.

ಸೋಮವಾರ ಹೋದಳು. ನಾನು ರಜೆ ಹಾಕಿದೆ. ಕೌದಿ ಹಾಸಿ ಕೂಸನ್ನು ನೆಲದ ಮೇಲೆ ಮಲಗಿಸಿ, ಅದರ ಕೈಗೆ ಎಟುಕಬಹುದಾದ ಎಲ್ಲವನ್ನೂ ನಾನು ಮೊದಲು ಮುಟ್ಟಿ ನೋಡಿದೆ: ಮಂಚದ ಕಾಲು, ಬೀರುವಿನ ಹಿಡಿಕೆ, ಕಿಟಕಿಯ ಸರಳು. ಆಫೀಸಿಗೆ ಹೋಗುವ ಕಾರಿನಿಂದ ಅಕ್ಕನ ಫೋನು ಬಂತು.

"ಏನ್ ಮಾಡ್ಲಿಕತ್ತದ?"

"ಮಲಗೇದ."

"ನೀ?"

"ನೋಡ್ಲಿಕತ್ತೀನಿ."