ತಗ್ಗು ಬಿದ್ದ ಟಾಪು

ನಮ್ಮ ಮನೆಯ ಪಡಸಾಲೆಯ ಗಾಜಿನ ಕಪಾಟಿನಲ್ಲಿ, ದಿನಬಳಕೆಯ ಸ್ಟೀಲ್ ಲೋಟಗಳಿಗೂ ಯಾರೂ ಮುಟ್ಟದ ಪಿಂಗಾಣಿ ಕಪ್ಪುಗಳಿಗೂ ನಡುವೆ, ಗೇಣುದ್ದದ ಹಸಿರು ಮೋಟಾರು ಕಾರೊಂದು ನಿಂತಿದೆ. ಮನೆಗೆ ಬಂದವರ ಕಣ್ಣು ಚಹಾ ಆರುವ ಮೊದಲೇ ಅದರ ಮೇಲೆ ಬೀಳುತ್ತದೆ, ಬಿದ್ದ ಕಣ್ಣು ಅದರ ಟಾಪಿನ ನಡುವಿನ ತಗ್ಗಿನಲ್ಲಿ ಸಿಕ್ಕಿಕೊಳ್ಳುತ್ತದೆ. "ಇದರ ಮ್ಯಾಲ ಯಾರು ಕುಂತಿದ್ರರಿ ಅಕ್ಕೋರೇ?" ಎಂದು ನಗುತ್ತಾರೆ. ನೀವೂ ನಗಿ, ಬೇಡವೆನ್ನುವುದಿಲ್ಲ. ಆದರೆ ಅದನ್ನು ತಿದ್ದಿಸುವ ಉಪಾಯ ಮಾತ್ರ ಹೇಳಬೇಡಿ. ಹಾಗೆ ಹೇಳಿದವರಿಗೆ ನಮ್ಮಲ್ಲಿ ಎರಡನೆಯ ಕಪ್ಪು ಚಹಾ ಸಿಕ್ಕಿದ್ದಿಲ್ಲ.

ಅದು ಪ್ಲಾಸ್ಟಿಕ್ಕಿನ ಮಾದರಿ. ಬ್ರಿಟಿಷರ ನಾಡಿನಲ್ಲಿ ಹುಟ್ಟಿದ ಹಳೆಯ ಸಲೂನ್ ಕಾರೊಂದರ ಪುಟ್ಟ ಪ್ರತಿರೂಪ. ದುಂಡು ಬೆನ್ನು, ಉಬ್ಬುಗಲ್ಲ, ಆಗಷ್ಟೇ ನಿದ್ದೆಯಿಂದ ಎದ್ದಂತಿರುವ ಎರಡು ದೀಪ. ನಮ್ಮಪ್ಪನ ಹತ್ತಿರ ಇಂಥದೇ ನಿಜವಾದದ್ದೊಂದು ಇತ್ತು. ಹಲವು ಕೈ ಬದಲಾಗಿ ಬಂದ ಆ ಗಾಡಿಯನ್ನು ಆತ ಆಳಂದ, ಅಫಜಲಪುರ, ಜೇವರ್ಗಿಯ ಹಾದಿಗಳಲ್ಲಿ ಬಾಡಿಗೆಗೆ ಓಡಿಸುತ್ತಿದ್ದ. ಹೆರಿಗೆಯ ಹೆಣ್ಣುಮಕ್ಕಳು, ಬಾಸಿಂಗ ಕಟ್ಟಿಕೊಂಡ ಮದುಮಕ್ಕಳು, ದರ್ಗಾಕ್ಕೆ ಹರಕೆ ಹೊತ್ತವರು ಎಲ್ಲರೂ ಅದರೊಳಗೆ ಮೊಣಕಾಲು ಮಡಚಿ ಕುಳಿತವರೇ. ನಾನಿನ್ನೂ ಚಿಕ್ಕವಳಿದ್ದಾಗಲೇ ಬಿಡಿಭಾಗ ಸಿಗದೆ ಅದು ಗುಜರಿಗೆ ಹೋಯಿತು, ಆ ದಿನ ಅಪ್ಪ ರೊಟ್ಟಿ ಮುಟ್ಟಲಿಲ್ಲ.

ಎಂಬತ್ತರ ದಶಕದ ಕೊನೆಗೆ, ಒಂದು ಚಳಿಗಾಲ, ಅಪ್ಪನಿಗೆ ಲಕ್ವಾ ಹೊಡೆಯಿತು. ಬಲಗೈ ಬಿತ್ತು, ಅದರ ಬೆನ್ನಿಗೇ ಮಾತೂ ಬಿತ್ತು. ಕೈ ತಾನಾಗಿ ಬರುವುದಿಲ್ಲ, ಬೆರಳಿಗೆ ಸಣ್ಣಸಣ್ಣ ಕೆಲಸ ಹಚ್ಚಿ ಕರೆದು ತರಬೇಕು ಎಂದರು ಸೋಲಾಪುರದ ಡಾಕ್ಟರು. ಅಪ್ಪನ ಸಂಕಟ ಡಾಕ್ಟರಿಗೆ ತಿಳಿಯುವಂಥದಾಗಿರಲಿಲ್ಲ. ದಿನಾ ಬೆಳಿಗ್ಗೆ ಎಡ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು, ಬಲಗೈಯಿಂದ ವಿಭೂತಿ ಹಚ್ಚಿ, ಪತ್ರಿ ಏರಿಸದೆ ಬಾಯಿಗೆ ನೀರು ಹಾಕಿದವನಲ್ಲ ಆತ. ಈಗ ಲಿಂಗ ಹಿಡಿಯುವ ಕೈಯಿತ್ತು, ಪೂಜಿಸುವ ಕೈಯಿರಲಿಲ್ಲ. ಅವ್ವ ತಾನು ಪತ್ರಿ ಏರಿಸಲು ಹೋದರೆ ಮುಖ ತಿರುವುತ್ತಿದ್ದ. ಅವರವರ ಲಿಂಗಕ್ಕೆ ಅವರವರ ಕೈ ಎಂಬುದು ಆತನ ನಿಲುವು. ಸ್ವಲ್ಪ ಹೊತ್ತು ಲಿಂಗವನ್ನು ಬರಿದೇ ನೋಡಿ, ಎಡಗೈಯಿಂದಲೇ ಕರಡಿಗೆಯೊಳಗೆ ಇಟ್ಟುಬಿಡುತ್ತಿದ್ದ.

ನಾನಾಗ ಜೇವರ್ಗಿಯಲ್ಲಿ ಕನ್ನಡ ಕಲಿಸುತ್ತಿದ್ದೆ. ಬೇಸಿಗೆಯ ರಜೆಗೆ ಆಳಂದದ ಮನೆಗೆ ಬಂದವಳು ಒಂದು ಹಟ ಹಿಡಿದೆ: ಶಾಲೆ ಮತ್ತೆ ತೆರೆಯುವುದರೊಳಗೆ ಆ ಬಲಗೈ ಒಂದೇ ಒಂದು ಪತ್ರಿ ಏರಿಸಬೇಕು. ಹಟ ನಮ್ಮ ಮನೆತನದ ಸೊತ್ತು. ಹೊಲಮನೆ ಹರಿದು ಹಂಚಿಹೋದರೂ ಅದು ಮಾತ್ರ ಎಲ್ಲರಿಗೂ ಪೂರ್ತಿಯಾಗಿ ಬಂದಿದೆ. ಅಪ್ಪನ ಔಷಧಿ ತರಲು ಸೋಲಾಪುರಕ್ಕೆ ಹೋದಾಗ, ಆಟಿಕೆಯ ಅಂಗಡಿಯೊಂದರ ಗಾಜಿನ ಹಿಂದೆ ಕಂಡ ಡಬ್ಬಿಯ ಮೇಲಿನ ಚಿತ್ರ ನನ್ನನ್ನು ನಡುಬೀದಿಯಲ್ಲೇ ನಿಲ್ಲಿಸಿತು. ಅದೇ ದುಂಡು ಬೆನ್ನು, ಅದೇ ಕಣ್ಣು. ಅದನ್ನು ಬಗಲಲ್ಲಿಟ್ಟುಕೊಂಡೇ ಬಸ್ಸು ಹತ್ತಿದೆ.

ಡಬ್ಬಿ ತೆರೆದರೆ ಕಾರಿಲ್ಲ! ಮಾವಿನ ಟೊಂಗೆಗೆ ಮಿಡಿಗಾಯಿ ಜೋತುಬಿದ್ದಂತೆ ಪ್ಲಾಸ್ಟಿಕ್ ಕಡ್ಡಿಗಳಿಗೆ ಅಂಟಿಕೊಂಡ ಬಾಗಿಲು, ಗಾಲಿ, ಸೀಟು, ಸ್ಟೇರಿಂಗು. ಒಂದೊಂದನ್ನೂ ಉಗುರುಕತ್ತರಿಯಿಂದ ಬಿಡಿಸಿ, ಅಂಚು ಉಜ್ಜಿ, ಅಂಟು ಹಚ್ಚಿ, ಉಸಿರು ಬಿಗಿಹಿಡಿದು ಕೂಡಿಸಬೇಕು. ಅಪ್ಪ ಮಲಗಿದ್ದ ಹೊರಸಿನ ಮುಂದೆ ಚಾಪೆ ಹಾಸಿ ಕುಳಿತು, ಗಾಲಿಯೊಂದನ್ನು ಆತನ ಬಲ ಅಂಗೈಯಲ್ಲಿಟ್ಟು, ಒಂದೀಟು ಹಿಡಿ ಅಪ್ಪಾ ಎಂದೆ. ಗಾಲಿ ಉರುಳಿ ಹೊರಸಿನ ಕೆಳಗೆ ಹೋಯಿತು, ಅಪ್ಪ ಗೋಡೆಯ ಕಡೆ ಹೊರಳಿದ. ಮರುದಿನವೂ ಅದೇ, ಅದರ ಮರುದಿನವೂ ಅದೇ. ಆತನಿಗೂ ಹಟವೇ ಅಲ್ಲವೇ, ನನಗೆ ಬಂದದ್ದು ಮತ್ತೆಲ್ಲಿಂದ? ಆಯಿತು, ನೀನು ಗೋಡೆ ನೋಡು, ನಾನು ಕಾರು ಕಟ್ಟುತ್ತೇನೆ ಎಂದು ಒಬ್ಬಳೇ ಕೂತೆ. ಇಂಜಿನ್ನಿನ ತಲೆಬುಡ ತಿಳಿಯುವ ಮೊದಲೇ ಅಪ್ಪನ ಗಾಡಿಯ ನಂಬರನ್ನು ಚಿಕ್ಕ ಪಟ್ಟಿಯ ಮೇಲೆ ಬರೆದಿಟ್ಟುಕೊಂಡೆ. ಕೂಸು ಹುಟ್ಟುವ ಮೊದಲೇ ಕುಲಾವಿ ಎಂದು ಅವ್ವ ನಕ್ಕಳು. ಪಕ್ಕದ ಮನೆಯ ಖಾಲಾ ಬಾಗಿಲಲ್ಲಿ ನಿಂತು, ಇಷ್ಟು ಓದಿದ ಹುಡುಗಿಗೆ ಇದೇನು ಗೊಂಬೆಯಾಟ ಎಂದು ಗದ್ದಕ್ಕೆ ಕೈಯಿಟ್ಟಳು.

ಕೂತು ಉಜ್ಜುವಾಗ ಮನಸ್ಸಿಗೆ ಬೇರೆ ಕೆಲಸವಿರುವುದಿಲ್ಲ ನೋಡಿ, ಅದು ತಿರುಗಾಟಕ್ಕೆ ಹೋಗುತ್ತದೆ. ದೊಡ್ಡದನ್ನು ಚಿಕ್ಕದು ಮಾಡಿಕೊಳ್ಳುವ ಈ ಆಸೆ ಮನುಷ್ಯನಿಗೇಕೆ? ಗೊಂಬೆಯಾಟವೇ ಇರಬಹುದು. ಆದರೆ ಬ್ರಹ್ಮಾಂಡವನ್ನೇ ಅಂಗೈಯಗಲಕ್ಕೆ ಇಳಿಸಿಕೊಂಡು, ದಿನಾ ಬೆಳಿಗ್ಗೆ ಕಣ್ಣಿಗೆ ಕಣ್ಣಿಟ್ಟು ನೋಡುವ ಮನೆಯಲ್ಲಿ ಹುಟ್ಟಿದವಳಿಗೆ ಇದು ವಿಚಿತ್ರವಾಗಿ ಕಾಣಲಿಲ್ಲ. ಕಳೆದುಹೋದ ದೊಡ್ಡದನ್ನು ಹುಡುಕಲು ಹಾದಿ ಸಾಲದು. ಅಂಗೈಯಲ್ಲಿ ಹಿಡಿಸುವಷ್ಟಾದರೆ ಅದನ್ನು ಮಾತಾಡಿಸಬಹುದು, ಅದರ ಮೇಲೆ ಸಿಟ್ಟೂ ಮಾಡಬಹುದು. ನಾನಂತೂ ಮಾಡಿದೆ. ಮುಂದಿನ ಗಾಜಿನ ಮೇಲೆ ನನ್ನದೇ ಅಂಟುಬೆರಳಿನ ಗುರುತು ಮೂಡಿದಾಗ ನನಗೇ ನಾನು ಬೈದುಕೊಂಡೆ. ಆದರೂ ಬಿಡಲಿಲ್ಲ. ಡಬ್ಬಿಯ ಮೇಲಿನ ಚಿತ್ರದಂತೆ, ಕೂದಲೆಳೆಯಷ್ಟೂ ಐಬಿಲ್ಲದಂತೆ ಆಗಬೇಕು. ಅದನ್ನು ಕಂಡು ಅಪ್ಪನ ಕೈ ತಾನಾಗಿ ಮುಂದೆ ಬರಬೇಕು ಎಂಬುದು ನನ್ನ ಲೆಕ್ಕ.

ಬಣ್ಣ ಬಂದದ್ದು ಕಿಣ್ಣಿ ಸುಲ್ತಾನ ಎಂಬ ಹಳ್ಳಿಯ ನಮ್ಮ ಕಾಕಾನ ಮನೆಯಿಂದ. ಹಿಂದಿನ ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಳಿದು ಉಳಿದಿದ್ದ ಹಸಿರು, ಥೇಟ್ ಅಪ್ಪನ ಗಾಡಿಯ ಹಸಿರು. ಬಳಿದು, ಕಿಟಕಿಯಲ್ಲಿ ಆರಲು ಇಟ್ಟು, ಸಂತೆಗೆ ಹೋಗಿ ಬಂದೆ. ಬಂದು ನೋಡಿದರೆ ಕಿಟಕಿ ಖಾಲಿ.

ನಮ್ಮ ಸೀಮೆಯಲ್ಲಿ ಹಸಿಯಾದದ್ದು ಏನು ಕಂಡರೂ ಹೆಂಗಸರ ಕೈ ಅದನ್ನು ಮಾಳಿಗೆಗೆ ಒಯ್ಯುತ್ತದೆ. ಶಾವಿಗೆ, ಸಂಡಿಗೆ, ಮೆಣಸಿನಕಾಯಿ, ಹುಣಸೆಹಣ್ಣು ಎಲ್ಲಕ್ಕೂ ಮಾಳಿಗೆಯ ಬಿಸಿಲೇ ಗತಿ. ಅವ್ವನೂ ಕಾರನ್ನು ಒಯ್ದು, ಸಂಡಿಗೆಯ ಪಕ್ಕದಲ್ಲಿ, ಕಾದ ತಗಡಿನ ಮೇಲೆ ಇಟ್ಟಿದ್ದಳು. ಧೂಳು ಕೂಡದಿರಲೆಂದು ಹಳೆಯ ಸೀರೆಯ ತುಂಡು ಹೊದಿಸಿ, ಅದು ಹಾರಿಹೋಗದಿರಲೆಂದು ಮೇಲೊಂದು ಗುಂಡಕಲ್ಲು ಹೇರಿದ್ದಳು. ನಾನು ಬಟ್ಟೆ ಎತ್ತಿದಾಗ ಸಂಡಿಗೆ ಗರಿಗರಿಯಾಗಿತ್ತು, ಕಾರಿನ ಟಾಪು ಕರಗಿದ ಬೆಲ್ಲದಚ್ಚಿನಂತೆ ಒಳಗೆ ಕುಸಿದಿತ್ತು.

ಅವ್ವನ ಮೇಲೆ ಹರಿಹಾಯ್ದೆ. ಇಡೀ ರಜೆ ಮಣ್ಣುಪಾಲಾಯಿತು ಎಂದು ಅತ್ತೆ. ಹಸಿ ಇದ್ದದ್ದು ಒಣಗಬೇಕಲ್ಲ ಎಂಬುದಷ್ಟೇ ಅವ್ವನ ವಾದ. ಅಳುತ್ತಲೇ ಒಲೆಯ ಮೇಲೆ ನೀರು ಕಾಯಿಸಿದೆ. ಬಿಸಿನೀರಿಗೆ ಹಿಡಿದರೆ ಮೆತ್ತಗಾದೀತು, ಒಳಗಿನಿಂದ ಚಮಚೆಯಲ್ಲಿ ಒತ್ತಿ ಸರಿಮಾಡುವ ಎಂದುಕೊಂಡೆ. ಬೋಗುಣಿಯನ್ನು ಹೊರಸಿನ ಹತ್ತಿರ ತಂದಿಟ್ಟು, ಚಮಚೆ ಹುಡುಕಲೆಂದು ಕಾರನ್ನು ಅಪ್ಪನ ಮಗ್ಗುಲಲ್ಲಿಟ್ಟೆ. ಚಮಚೆಯೊಂದಿಗೆ ತಿರುಗಿ ಕೈಚಾಚಿದಾಗ ಕಾರಿನ ಮೇಲೆ ಇನ್ನೊಂದು ಕೈಯಿತ್ತು.

ಅದು ಅಪ್ಪನ ಬಲಗೈ. ಬೆರಳುಗಳು ನಡುಗುತ್ತಿದ್ದವು, ಆದರೆ ಆ ತಗ್ಗನ್ನು ಗಟ್ಟಿಯಾಗಿ ಮುಚ್ಚಿಕೊಂಡಿದ್ದವು. ನಾನು ಎಳೆದೆ, ಬಿಡಲಿಲ್ಲ. ಅರ್ಧ ಮುಖದಲ್ಲಿ ನಗುತ್ತ, ಎಷ್ಟೋ ತಿಂಗಳಿನಿಂದ ಎಲ್ಲಿಯೋ ಸಿಕ್ಕಿಬಿದ್ದಿದ್ದ ನಾಲಿಗೆಯನ್ನು ಎಳೆದು ತಂದು ಒಂದೇ ಶಬ್ದ ಆಡಿದ.

"ಜ್ವಾ... ಜ್ವಾಳ."

ನನಗೆ ತಿಳಿಯಲಿಲ್ಲ. ಬಾಗಿಲಲ್ಲಿದ್ದ ಅವ್ವ ಸೆರಗು ಬಾಯಿಗೊತ್ತಿಕೊಂಡು ಅಲ್ಲಿಯೇ ಕುಳಿತಳು. ಆಮೇಲೆ ಅವಳೇ ಹೇಳಿದಳು. ನಾನಿನ್ನೂ ತೊಟ್ಟಿಲಲ್ಲಿದ್ದ ವರ್ಷ, ಕಣದಲ್ಲಿ ರಾಶಿ ಮಾಡಿಟ್ಟಿದ್ದ ಜೋಳದ ಮೇಲೆ ಅಡ್ಡಮಳೆಯ ಮೋಡ ಕವಿದಿತ್ತಂತೆ. ಬಂಡಿಯ ಅಚ್ಚು ಮುರಿದಿತ್ತು. ಅಪ್ಪ ಹಿಂದೆಮುಂದೆ ನೋಡದೆ ಗಾಡಿಯನ್ನು ಕಣಕ್ಕೇ ಒಯ್ದು, ಟಾಪಿನ ಮೇಲೆ ಚೀಲ ಹೇರಿ ಹೇರಿ, ಮಳೆ ಬೀಳುವ ಮೊದಲೇ ಮನೆ ಮುಟ್ಟಿಸಿದ. ಟಾಪು ತಗ್ಗು ಬಿತ್ತು. ಅದನ್ನು ಬಡಿಸಿ ಸರಿಮಾಡಿಸು ಎಂದವರಿಗೆಲ್ಲ, ಆ ವರ್ಷ ನಮಗೆ ರೊಟ್ಟಿ ಕೊಟ್ಟ ತಗ್ಗು ಅದು, ಇರಲಿ ಎಂದನಂತೆ. ಅದೇ ಗಾಡಿಯಲ್ಲಿ ಬೆಳೆದವಳು ನಾನು, ಆ ತಗ್ಗನ್ನು ಕಂಡೇ ಇರಲಿಲ್ಲ. ಮಕ್ಕಳ ಎತ್ತರಕ್ಕೆ ಟಾಪು ಕಾಣುವುದಿಲ್ಲ.

ಐಬಿಲ್ಲದ ಕಾರಿಗಾಗಿ ನಾನು ಜೀವ ತೇಯುತ್ತಿದ್ದೆ. ಅಂಥ ಕಾರು ಅಪ್ಪನಿಗೆ ಯಾವತ್ತೂ ಇರಲೇ ಇಲ್ಲ. ಮತ್ತೆ ಯಾರದೋ ಗಾಡಿ ತೋರಿಸಿ ಕೈ ಎತ್ತು ಎಂದರೆ ಆತನಾದರೂ ಯಾಕೆ ಎತ್ತಿಯಾನು? ಅವತ್ತಿನಿಂದ ಉಳಿದ ಭಾಗಗಳನ್ನು ಉಜ್ಜುವ ಕೆಲಸ ಆತನದಾಯಿತು. ಹಿಂದಿನ ಬಂಪರು ಸೊಟ್ಟಗೆ ಕೂತಿದೆ, ಅದು ಆತ ಕೂಡಿಸಿದ್ದು. ನಾನು ಜೇವರ್ಗಿಯ ಬಸ್ಸು ಹತ್ತುವ ದಿನ ಬೆಳಿಗ್ಗೆ, ಎಡ ಅಂಗೈಯ ಲಿಂಗದ ಕಡೆಗೆ ಆ ಬಲಗೈ ಒಂದು ಬಿಲ್ವಪತ್ರಿ ಹಿಡಿದು ನಡುಗುತ್ತ ಹೊರಟಿತು. ಪತ್ರಿ ಜಾರಿ ತೊಡೆಯ ಮೇಲೆ ಬಿತ್ತು. ಅವ್ವ ಎತ್ತಿಕೊಡಲು ಬಗ್ಗಿದರೆ ಕಣ್ಣಲ್ಲೇ ಗದರಿಸಿ, ತಾನೇ ಹುಡುಕಿ, ತಾನೇ ಹಿಡಿದು, ಮತ್ತೆ ಎತ್ತಿದ. ಈ ಸಲ ಅದು ಲಿಂಗದ ಮೇಲೆ ನಿಂತಿತು. ನನ್ನ ಬಸ್ಸು ತಪ್ಪಿತು, ನಾನು ಅವಸರ ಮಾಡಲಿಲ್ಲ.

ಅಪ್ಪ ಇರುವತನಕ ಬಂದವರ ಪ್ರಶ್ನೆಗೆ ಆತನೇ ಆ ಒಂದೇ ಶಬ್ದದಲ್ಲಿ ಉತ್ತರಿಸುತ್ತಿದ್ದ. ಈಗ ಕೇಳಿದರೆ ನಾನು ಕಪಾಟಿನ ಬಾಗಿಲು ತೆರೆದು, ಕಾರನ್ನು ಅವರ ಅಂಗೈಯಲ್ಲಿಡುತ್ತೇನೆ. ಹೆಬ್ಬೆರಳು ತಾನಾಗಿ ತಗ್ಗಿನಲ್ಲಿ ಹೋಗಿ ಕೂಡುತ್ತದೆ.

"ಯಾರೂ ಕುಂತಿದ್ದಿಲ್ರಿ," ಎನ್ನುತ್ತೇನೆ, "ಜ್ವಾಳ ಹೇರಿದ್ದೆವು." ಆಮೇಲೆ ಇನ್ನೊಂದು ಕಪ್ಪು ಚಹಾಕ್ಕೆ ನೀರಿಡುತ್ತೇನೆ.