ಅತ್ತೆಯ ಕುಂಕುಮ

ಅತ್ತೆಯ ಕುಂಕುಮ ಹಣೆಯ ಸರಿಯಾದ ನಡುವೆ ಇರುತ್ತಿರಲಿಲ್ಲ. ಒಂದಿಷ್ಟು ಎಡಕ್ಕೆ ಸರಿದಿರುತ್ತಿತ್ತು. ಕನ್ನಡಿ ನೋಡದೆ ಮೊದಲು ಮೇಣ ಸವರಿ, ಅದರ ಮೇಲೆ ನಡುಬೆರಳಿನಿಂದ ಕುಂಕುಮ ಒತ್ತುತ್ತಿದ್ದಳು. ಎಡಕ್ಕೆ ಎಂದು ಬರೆದ ಮೇಲೆ ಅನುಮಾನ ಬರುತ್ತಿದೆ. ನಾನು ಯಾವಾಗಲೂ ಅವಳ ಎದುರಿಗೆ ಕೂತು ನೋಡಿದವಳು, ನನ್ನ ಎಡ ಅವಳ ಬಲ. ಅವಳ ಬಗ್ಗೆ ನನಗೆ ನೆನಪಿರುವುದರಲ್ಲಿ ಹೀಗೆ ತಿರುಗುಮುರುಗಾದದ್ದು ಇನ್ನೆಷ್ಟಿದೆಯೋ. ಮುಖ್ಯವಾದ ಆ ಭಾನುವಾರದ ಬಗ್ಗೆ ನನ್ನ ಡೈರಿಯಲ್ಲಿರುವುದು ಒಂದೇ ಸಾಲು: ಎಲ್ಲರೂ ಬೇಲೆಕೇರಿಗೆ ಹೋಗಿದ್ದೆವು.

ಅವಳು ಅಪ್ಪನ ಅಕ್ಕ. ಅಂಕೋಲೆಯ ಪಕ್ಕದ ಬೊಬ್ರುವಾಡದಲ್ಲಿ ಅವಳ ಮನೆ. ಮಕ್ಕಳಿರಲಿಲ್ಲ. ಮಾವ ಮೀನುಗಾರಿಕೆ ಬೋಟಿನ ಇಂಜಿನ್ ರಿಪೇರಿ ಮಾಡುವವರು. ಮಳೆಗಾಲ ಮುಗಿದ ಮೇಲೆ ಕೆಲಸ ಹುಡುಕಿಕೊಂಡು ಮೂಡಲ ದಂಡೆಯ ನಾಗಪಟ್ಟಣದ ಕಡೆ ಹೋದರೆ, ಬರುವುದು ಮತ್ತೆ ಮಾವಿನಹಣ್ಣಿನ ಕಾಲಕ್ಕೆ. ಅಪ್ಪನಿಗೆ ಕದ್ರಾದ ವಿದ್ಯುತ್ ಕೇಂದ್ರದಲ್ಲಿ ನೌಕರಿ. ಅಲ್ಲಿಯ ಕ್ವಾರ್ಟರ್ಸಿನಿಂದ ರಜೆ ಸಿಕ್ಕಾಗಲೆಲ್ಲ ನಾವು ಅತ್ತೆಯ ಮನೆಗೆ ಓಡುತ್ತಿದ್ದೆವು.

ಅಡುಗೆ ಏನೇ ಮಾಡಲಿ, ಮೊದಲ ಪಾಲನ್ನು ಅವಳು ಒಂದು ಬಾಳೆಲೆಯ ತುಂಡಿನಲ್ಲಿ ತೆಗೆದಿಡುತ್ತಿದ್ದಳು. ಅದು ಮಾವನ ಪಾಲು. ದೂರ ಇದ್ದವರ ಹೊಟ್ಟೆ ತಣ್ಣಗಿರಬೇಕಾದರೆ ಮನೆಯ ಅನ್ನ ಅವರ ಹೆಸರು ಮರೆಯಬಾರದು ಎನ್ನುತ್ತಿದ್ದಳು. ಎಲ್ಲರ ಊಟ ಮುಗಿದ ಮೇಲೆ ಅದನ್ನು ಮಕ್ಕಳಿಗೆ ಕೊಡುವುದು ರೂಢಿ. ಹೆಚ್ಚಾಗಿ ತಿಂದವಳು ನಾನೇ.

ಆ ಡಿಸೆಂಬರಿನ ಭಾನುವಾರ ಬೆಳಗಾಗುವ ಮೊದಲೇ ಎದ್ದು ಅವಳು ಹಲಸಿನ ಎಲೆಯ ಕೊಟ್ಟೆ ಕಡುಬು ಬೇಯಿಸಿದ್ದಳು. ಬಂಗಡೆ ಸಾರು ಇತ್ತು. ಬೇಲೆಕೇರಿ ಬಂದರಿನ ದಾರಿಯುದ್ದಕ್ಕೂ ಅದಿರಿನ ಲಾರಿಗಳು, ಕೆಂಪು ದೂಳು. ದಂಡೆ ಮುಟ್ಟುವಷ್ಟರಲ್ಲಿ ಅಮ್ಮನ ಬಿಳಿ ಸೀರೆಯ ಅಂಚು ಕೆಂಪಾಗಿ, ಅತ್ತೆ ಅದನ್ನೇ ಹಿಡಿದು ನಗಾಡುತ್ತಿದ್ದಳು. ಸಮುದ್ರ ಕಂಡ ಕೂಡಲೇ ಚಪ್ಪಲಿ ಬಿಟ್ಟು ಹೋಗಿ, ಒಂದು ಬೊಗಸೆ ನೀರು ತಲೆಗೆ ತಾಗಿಸಿಕೊಂಡಳು. ಗಾಳಿಮರಗಳ ಕೆಳಗೆ ಚಾಪೆ ಹಾಸಿ, ಮಾವನ ಪಾಲು ತೆಗೆದಿಟ್ಟಳು. ಕಾಗೆಯೊಂದು ಹಾರಿ ಬಂದಾಗ ಮರಳು ತೂರಿ, "ಹೋಗಾ, ಇದು ನಿಂಗಲ್ಲ" ಎಂದು ಗದರಿದಳು.

ಅಪ್ಪ ಕುಡಿಯುವ ನೀರು ತರಲು ರಸ್ತೆ ಬದಿಯ ಚಹಾ ಅಂಗಡಿಗೆ ಹೋದವನು ಬಹಳ ಹೊತ್ತು ಬರಲಿಲ್ಲ. ಬಂದಾಗ ಅತ್ತೆ, "ಏನ ತಮಾ, ನೀರು ತಕಬಾ ಅಂದ್ರೆ ಬಾವಿ ತೋಡೂಕೆ ಹೋದ್ಯಾ?" ಎಂದಳು. ಅಪ್ಪ ನಗಲಿಲ್ಲ. ಅಂಗಡಿಯ ಟಿವಿಯಲ್ಲಿ ತೋರಿಸುತ್ತಿದ್ದಾರೆ, ಮೂಡಲ ಕಡೆ ಸಮುದ್ರ ಊರೊಳಗೆ ನುಗ್ಗಿದೆಯಂತೆ, ಚೆನ್ನೈಯಲ್ಲಿ ಎಂದ. ನೀರಿನ ಪಾತ್ರೆ ಕೆಳಗಿಟ್ಟ ಮೇಲೆ, ನಾಗಪಟ್ಟಣದಲ್ಲೂ ಎಂದ.

ನಮ್ಮ ಎದುರಿಗಿದ್ದ ಸಮುದ್ರ ಸುಮ್ಮನಿತ್ತು. ಮೀನುಗಾರರ ಮಕ್ಕಳು ಹಸಿ ಮರಳಿನಲ್ಲಿ ಕ್ರಿಕೆಟ್ ಆಡುತ್ತಿದ್ದರು. ನೀರು ಎಷ್ಟು ತೆಳ್ಳಗೆ ಬಂದು ಹೋಗುತ್ತಿತ್ತೆಂದರೆ, ಅಪ್ಪ ಹೇಳಿದ್ದಕ್ಕೂ ಅದಕ್ಕೂ ಸಂಬಂಧ ಕಲ್ಪಿಸಲು ನನಗೆ ಆಗಲಿಲ್ಲ. "ಇದು ಬೇರೆ ಸಮುದ್ರ, ಅದು ಬೇರೆ ಸಮುದ್ರ" ಎಂದು ಯಾರೋ ಹೇಳಿದರು. ಅತ್ತೆಯೇ ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ, ಅಮ್ಮ ಈಗ ಅದು ತನ್ನ ಮಾತು ಎನ್ನುತ್ತಾಳೆ. ಆಮೇಲೆ ಅತ್ತೆ ಬಡಿಸಿದಳು. ತಣ್ಣಗಾಗುತ್ತದೆ, ಉಣ್ಣಿ ಎಂದಳು. ನಾವು ಉಂಡೆವು. ಸಾರಿಗೆ ಉಪ್ಪಿತ್ತೋ ಇಲ್ಲವೋ ಗೊತ್ತಿಲ್ಲ.

ಊಟವಾದ ಮೇಲೆ ಅಪ್ಪ ಫೋನು ಮಾಡಲು ಹೊರಟ. ಮಾವನಿಗೆ ಕೆಲಸ ಕೊಟ್ಟಿದ್ದ ಬೋಟ್ ಮಾಲೀಕರ ಮನೆಯ ನಂಬರು ಅತ್ತೆಗೆ ಬಾಯಿಪಾಠ. ಅವಳು ಒಂದೊಂದೇ ಅಂಕಿ ಹೇಳಿದಳು, ಅಪ್ಪ ಅಂಗೈಯಲ್ಲಿ ಬರೆದುಕೊಂಡ. ನಾನೂ ಜೊತೆಗೆ ಹೋದೆ. ಎಸ್‌ಟಿಡಿ ಬೂತಿನ ಗಾಜಿನ ಮೇಲೂ ಅದಿರಿನ ದೂಳು ಕೂತಿತ್ತು. ಹೊರಗೆ ನಿಂತು ನೋಡುತ್ತಿದ್ದೆ. ಅಪ್ಪನ ತುಟಿ ಅಲುಗಿತು. ತಲೆ ತಗ್ಗಿಸಿದ. ರಿಸೀವರು ಬಹಳ ಹೊತ್ತು ಕಿವಿಯಲ್ಲೇ ಇತ್ತು. ಅಥವಾ ನನಗೆ ಹಾಗನ್ನಿಸಿತು. ರಿಂಗಾಗಲಿ ಎಂದು ಕಾಯುವವನೂ ತಲೆ ತಗ್ಗಿಸಬಹುದು, ತುಟಿ ಅಲುಗಿಸಬಹುದು.

ದಂಡೆಗೆ ಮರಳಿದ ಮೇಲೆ, "ಲೈನ್ ಸಿಗ್ಲಿಲ್ಲ ಅಕ್ಕ" ಎಂದ.

"ಇವತ್ತು ಹ್ಯಾಂಗೆ ಸಿಗ್ತದೆ, ಎಲ್ರೂ ಮಾಡ್ತಿರ್ತ್ರು" ಎಂದಳು ಅತ್ತೆ. ಮರಳು ಹಾಕಿ ಪಾತ್ರೆ ತಿಕ್ಕತೊಡಗಿದಳು, ಯಾರೂ ಮುಟ್ಟದ ಪಾತ್ರೆಯನ್ನೂ ತಿಕ್ಕಿದಳು. ಅಪ್ಪ ಸಮುದ್ರಕ್ಕೆ ಹೋಗಿ ಕೈ ತೊಳೆದ. ಆ ಸಂಜೆ ಅವನು ಮತ್ತೆ ಫೋನು ಮಾಡಿದ್ದು ನನಗೆ ನೆನಪಿಲ್ಲ.

ಮರುದಿನವೇ ಅಪ್ಪ ನಾಗಪಟ್ಟಣಕ್ಕೆ ಹೊರಟ. ಗಡ್ಡ ಬಿಟ್ಟುಕೊಂಡು ವಾಪಸು ಬಂದ. ಸಿಕ್ಕವರನ್ನೆಲ್ಲ ಒಟ್ಟಿಗೇ ಹೂತಿದ್ದಾರೆ, ಅವರಲ್ಲಿ ಭಾವ ಇದ್ದರೋ ಇಲ್ಲವೋ ಯಾರೂ ಹೇಳಲಾರರು ಎಂದ. ಅತ್ತೆ ಕೇಳಿಸಿಕೊಂಡಳು, ಅಪ್ಪನಿಗೆ ಸ್ನಾನಕ್ಕೆ ನೀರು ಕಾಸಿದಳು. ಬೆಳಿಗ್ಗೆ ಎಂದಿನಂತೆ ಮೇಣ ಸವರಿ ಕುಂಕುಮ ಇಟ್ಟಳು.

ನಾನು ಕಾಲೇಜಿಗೆ ಹೋದದ್ದು ಅವಳ ಮನೆಯಿಂದ, ಅಂಕೋಲೆಯಲ್ಲಿ. ಬಸ್ಸಿಗೆ ತಡವಾದರೆ ನಿಂತಲ್ಲೇ ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ಮಾವನ ಪಾಲು ತೆಗೆದಿಡುವುದು ನಿಲ್ಲಲಿಲ್ಲ; ರಾತ್ರಿಯ ಊಟವಾದ ಮೇಲೆ ಅದು ನನ್ನ ತಟ್ಟೆಗೆ ಬರುತ್ತಿತ್ತು. ಹಾಗೆ ನೋಡಿದರೆ ನಾನು ಬೆಳೆದದ್ದು, ಧಾರವಾಡಕ್ಕೆ ಹೋಗಿ ಎಂ.ಎ. ಮಾಡುವಷ್ಟಾದದ್ದು ಮಾವನ ಅನ್ನದಿಂದ. ಅರಿಶಿನ ಕುಂಕುಮಕ್ಕೆ ಕರೆಯುವುದನ್ನು ಕೇರಿಯವರು ಮೆಲ್ಲಗೆ ಕಡಿಮೆ ಮಾಡಿದರು. ಅವಳು ಕರೆಯದಿದ್ದರೂ ಹೋಗುತ್ತಿದ್ದಳು. ಎದುರಿಗೆ ಹಣೆ ಕೊಟ್ಟು ನಿಂತವಳಿಗೆ ಕುಂಕುಮ ಇಲ್ಲವೆನ್ನಲು ಯಾರಿಗೂ ಧೈರ್ಯವಿರಲಿಲ್ಲ.

ಒಂದು ಮಹಾಲಯ ಅಮಾವಾಸ್ಯೆಯ ದಿನ ನಮ್ಮ ಕದ್ರಾದ ಮನೆಯಲ್ಲಿ ಅಮ್ಮ ಹಿರಿಯರಿಗೆ ಎಲೆ ಹಾಕುವಾಗ ಒಂದು ಎಲೆ ಹೆಚ್ಚಿಗೆ ಹಾಕಿದಳು. ಅದು ಯಾರಿಗೆಂದು ಹೇಳಲಿಲ್ಲ, ಯಾರೂ ಕೇಳಲಿಲ್ಲ. ಕಾಗೆಗಳನ್ನು ಕರೆಯಲು ಎಲೆಗಳನ್ನು ಅಂಗಳಕ್ಕೆ ಒಯ್ಯುವಾಗ ಅಂದು ನಮ್ಮಲ್ಲಿಗೆ ಬಂದಿದ್ದ ಅತ್ತೆ ಆ ಒಂದೇ ಎಲೆಯನ್ನು ಎತ್ತಿಕೊಂಡಳು. ಮೆಟ್ಟಿಲ ಮೇಲೆ ಕೂತು ತಾನೇ ಉಣ್ಣತೊಡಗಿದಳು.

"ಅವ್ರ ಪಾಲು ಕಾಗೆಗೆ ಎಂತಕೆ? ನಾ ಉಣ್ತೆ" ಎಂದಳು. ಅಮ್ಮ ಏನೋ ಹೇಳಲು ಹೋದಾಗ, "ನಿನ್ನ ಗಂಡನೇ ಹೇಳಿದ್ನಲ್ಲೆ. ಲೈನ್ ಸಿಗ್ಲಿಲ್ಲ, ಅಷ್ಟೇಯ" ಎಂದಳು.

ಅಪ್ಪ ಅಂಗಳದಲ್ಲಿ ನಮಗೆ ಬೆನ್ನು ಮಾಡಿ ನಿಂತಿದ್ದ. ಉಳಿದ ಎಲೆಗಳಿಗೆ ಕಾಗೆಗಳು ಬಂದವು.

ಕೆಲವು ವರ್ಷಗಳ ಮೇಲೆ ಒಂದು ಜ್ವರ ಅತ್ತೆಯನ್ನು ಕಾರವಾರದ ಆಸ್ಪತ್ರೆಗೆ ಸೇರಿಸಿತು, ಅಲ್ಲಿಂದ ಅವಳು ಮನೆಗೆ ಬಂದದ್ದು ಹೆಣವಾಗಿ. ಮೀಯಿಸಲು ನಿಂತ ಹೆಂಗಸರು ಕೈ ತಡೆದರು. ಹಸಿರು ಬಳೆ ತೊಡಿಸಿ, ಕುಂಕುಮ ಇಟ್ಟು ಮುತ್ತೈದೆಯಾಗಿ ಕಳಿಸಬೇಕೋ ಬೇಡವೋ? ಒಬ್ಬಾಕೆ ಹೊರಗೆ ಬಂದು ಅಪ್ಪನನ್ನು ಕೇಳಿದಳು. ಅವಳು ಹ್ಯಾಗಿದ್ದಳೋ ಹಾಗೇ ಕಳಿಸಿ ಎಂದ ಅಪ್ಪ. ಅತ್ತೆಯ ಹಣೆಗೆ ಕುಂಕುಮ ಇಟ್ಟವಳು ನಾನು. ಅವಳು ಇಡುವ ಹಾಗೆ ಎಷ್ಟು ಎಚ್ಚರದಿಂದ ಇಟ್ಟರೂ ಅದು ಸರಿಯಾದ ನಡುವೆಯೇ ಕೂತು, ಅವಳ ಮುಖ ಬೇರೆ ಯಾರದೋ ಆಗಿ ಕಂಡಿತು.

ಹನ್ನೆರಡನೆಯ ದಿನದ ಕೆಲಸ ಮುಗಿದ ಮೇಲೆ ಅಪ್ಪನೂ ನಾನೂ ಬೇಲೆಕೇರಿಗೆ ಹೋದೆವು. ಬೂತು ಇದ್ದ ಜಾಗದಲ್ಲಿ ಮೊಬೈಲಿಗೆ ಕರೆನ್ಸಿ ಹಾಕುವ ಅಂಗಡಿ ಬಂದಿತ್ತು. ಅಪ್ಪ ಅತ್ತ ನೋಡದೆ ಮುಂದೆ ನಡೆದ. ದಂಡೆಯಲ್ಲಿ ಅವನ ಪಕ್ಕ ನಿಂತು ನಾನು ಕೇಳಿದ್ದು ಒಂದೇ ಮಾತು. ಅವನು ಪಂಚೆ ಎತ್ತಿಕೊಂಡು ನೀರಿಗಿಳಿದು, ಅತ್ತೆಯ ಹಾಗೆ ಒಂದು ಬೊಗಸೆ ನೀರು ತಲೆಗೆ ತಾಗಿಸಿಕೊಂಡ. ಅಂದಿನಿಂದ ಇಂದಿನವರೆಗೆ ಅದಕ್ಕೆ ಉತ್ತರ ಹೇಳಿಲ್ಲ, ನಾನೂ ಎರಡನೆಯ ಸಲ ಕೇಳಿಲ್ಲ.

"ಅಪ್ಪಾ, ಅವತ್ತು ಲೈನ್ ಸಿಕ್ಕಿತ್ತಾ?"